ಬೀಸಿದ ಕೂಲಿ

ಆರ್ಡರ್ ಅಂದರೆ ಹೋಟೆಲ್ಲಿನದಲ್ಲ. ಪಾಲ್ ಡೇವಿಸ್ ಶುರು ಮಾಡಿದ, ಹಲವು ಟ್ರ್ಯಾಕುಗಳಲ್ಲಿ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಓಪನ್ ಸೋರ್ಸ್ ತಂತ್ರಾಂಶ. ಅದರ ಮೇಲೆ ನಮ್ಮ ಕಡೆಯ ಹುಡುಗರದು ಒಂದೇ ದೂರು: "ಓಪನ್ ಸೋರ್ಸ್ ಅಂತೀರಿ, ಡೌನ್‌ಲೋಡ್ ಮಾಡೋಕೆ ಹೋದ್ರೆ ದುಡ್ಡು ಕೇಳ್ತಾರಲ್ಲಣ್ಣ?" ಅವರ ತಾಣದಲ್ಲಿ ಪುಕ್ಕಟೆ ಸಿಗುವುದು ಡೆಮೊ, 10 ನಿಮಿಷ ಆದ ಮೇಲೆ ಅದರ ದನಿ ನಿಂತುಹೋಗುತ್ತದೆ. ಜಗಳೂರು ಕಡೆಯ ಭಜನೆ ಮೇಳಕ್ಕೆ 10 ನಿಮಿಷ ಹಾರ್ಮೋನಿಯಂ ಜೊತೆ ತಬಲಾ ಶ್ರುತಿ ಕೂಡಿಸುವುದಕ್ಕೇ ಬೇಕು.

ನನಗೆ ಈ ದೂರು ಸರಿ ಕಾಣುವುದಿಲ್ಲ. ಹೊನ್ನಾಳಿಯ ಗಿರಣಿಗೆ ಜೋಳ ಹೊತ್ತು ಹೋದರೆ ಬೀಸಿದ ಕೂಲಿ ಕೊಡುವುದಿಲ್ಲವೇ? ಇಲ್ಲಿ ಜೋಳವೂ ಪುಕ್ಕಟೆ. ಜಿಪಿಎಲ್ ಲೈಸೆನ್ಸ್ ಮಾರಬೇಡ ಅನ್ನುವುದಿಲ್ಲ, ಮೂಲ ಕೋಡ್ ಮುಚ್ಚಿಡಬೇಡ ಅನ್ನುತ್ತದೆ. ನೀವೇ ಬಿಲ್ಡ್ ಮಾಡಿಕೊಂಡ ಪ್ರತಿ 10 ನಿಮಿಷಕ್ಕೆ ಮೂಕವಾಗುವುದೂ ಇಲ್ಲ. ಉಬುಂಟುವಿನ ಸಿದ್ಧ ಪ್ಯಾಕೇಜ್ ಇದೆಯಲ್ಲ ಅನ್ನಬಹುದು. ಅದು ಸಾಮಾನ್ಯವಾಗಿ ಹಳೇ ಆವೃತ್ತಿ.

ನನ್ನ ತಕರಾರೆಲ್ಲ ಬೀಸುವ ಕಲ್ಲಿನ ಮೇಲೆ. ಗಿಟ್‌ನಿಂದ ಕೋಡ್ ಇಳಿಸಿ 'ವಾಫ್ ಕಾನ್ಫಿಗರ್' ಕೊಟ್ಟರೆ ಅದು ಒಂದೊಂದೇ ಲೈಬ್ರರಿ ಹುಡುಕುತ್ತಾ ಹೋಗಿ, ಬೇಕಾದ್ದೊಂದು ಸಿಗದಿದ್ದರೆ ಅಲ್ಲೇ ನಿಂತುಬಿಡುತ್ತದೆ. ನ್ಯಾಮತಿಯಲ್ಲಿ ಡೊಳ್ಳು ಬಾರಿಸುವ ಹುಡುಗನೊಬ್ಬನಿಗೆ ಸೌಂಡ್‌ಫೈಲ್ ಲೈಬ್ರರಿ ಇಲ್ಲ ಅಂದಿತು. ಅವನ ಉಬುಂಟುವಿನಲ್ಲಿ ಅದು ಇದ್ದೇ ಇತ್ತು! ಇಲ್ಲದ್ದು ಹೆಡರ್ ಫೈಲುಗಳು. ಡೆಬಿಯನ್, ಉಬುಂಟುಗಳಲ್ಲಿ ಅವು ಹೆಸರಿನ ಕೊನೆಗೆ 'ಡೆವ್' ಅಂತಿರುವ ಬೇರೆ ಪ್ಯಾಕೇಜಿನಲ್ಲಿರುತ್ತವೆ. ದಿನಾ ಕೋಡ್ ಬರೆಯುವ ನಮಗೆ ಥಟ್ಟನೆ ಹೊಳೆಯುತ್ತದೆ. ಅವನಿಗೆ ಹೇಗೆ ಹೊಳೆಯಬೇಕು? ಒಂದು ಹಾಕಿದರೆ ಇನ್ನೊಂದು ಇಲ್ಲ ಅನ್ನುತ್ತದೆ. ನಾಲ್ಕನೇ ಸಲಕ್ಕೆ ಅವನು ಕ್ರ್ಯಾಕ್ ಮಾಡಿದ ವಿಂಡೋಸ್ ತಂತ್ರಾಂಶ ಹುಡುಕಿಕೊಂಡು ಹೋದ. ಎರರ್ ಸಂದೇಶದಲ್ಲೇ ಪ್ಯಾಕೇಜಿನ ಹೆಸರಿದ್ದಿದ್ದರೆ ಹೋಗುತ್ತಿರಲಿಲ್ಲ ಅನ್ನಿಸುತ್ತದೆ.

ಮದ್ದು ಇಲ್ಲದೇ ಇಲ್ಲ. ಸೋರ್ಸ್ ರೆಪಾಸಿಟರಿ ಆನ್ ಮಾಡಿ 'ಆಪ್ಟ್ ಬಿಲ್ಡ್-ಡೆಪ್ ಆರ್ಡರ್' ಅಂದರೆ ಬೇಕಾದ್ದರಲ್ಲಿ ಬಹುಪಾಲು ಒಂದೇ ಏಟಿಗೆ ಬರುತ್ತದೆ. ವಾಫ್ ಇರುವ ಕೋರ್‌ಗಳನ್ನೆಲ್ಲ ದುಡಿಸುತ್ತದೆ. 4 ಜಿಬಿಯ ಹಳೇ ಲ್ಯಾಪ್‌ಟಾಪ್ ಆದರೆ 'ಜೆ2' ಅಂತ ಮೂಗುದಾರ ಹಾಕಿ, ಇಲ್ಲದಿದ್ದರೆ ಮೆಮೊರಿ ಸಾಲದೆ ತೆವಳುತ್ತದೆ. ಬಿಲ್ಡ್ ಆದ ಮೇಲೆ ಇನ್‌ಸ್ಟಾಲ್ ಮಾಡದೆಯೇ 'ಆರ್‌ಡೆವ್' ಸ್ಕ್ರಿಪ್ಟಿನಿಂದ ಓಡಿಸಿ ನೋಡಬಹುದು. ಇದನ್ನೆಲ್ಲ ಬೆಂಗಳೂರಿನ ಮೀಟಪ್ಪುಗಳಲ್ಲಿ, ಇಂಗ್ಲಿಷಿನಲ್ಲಿ, ಗೊತ್ತಿದ್ದವರಿಗೇ ಹೇಳುತ್ತಾ ಕೂತಿರುತ್ತೇವೆ. ಮೊನ್ನೆ ಚನ್ನಗಿರಿಯಿಂದ ಫೋನ್ ಮಾಡಿದವನು ಕೇಳಿದ್ದು ಕನ್ನಡದಲ್ಲಿ ಬರೆದ ಒಂದೇ ಒಂದು ಹಾಳೆ.