ತಂಬಿಗೆಗೆ ಹಚ್ಚಿದ್ದು ಮುಖಕ್ಕೆ

ಹಬ್ಬದ ಹಿಂದಿನ ದಿನ ದೇವರ ಸಾಮಾನು ಬೆಳಗಲು ಕೂತಾಗ ಹುಣಸೆಹಣ್ಣು ಸಾಲದೆ ಹೋದರೆ, ಹಿಂಡಿದ ನಿಂಬೆಹೋಳನ್ನೇ ಉಪ್ಪಿಗೆ ಅದ್ದಿ ಉಜ್ಜುವುದು ನಮ್ಮ ಅಡುಗೆಮನೆಗಳ ಹಳೆಯ ರೂಢಿ. ತಾಮ್ರದ ತಂಬಿಗೆಯ ಕಪ್ಪು ಕಣ್ಣೆದುರೇ ಕರಗಿ ಕೆಂಪು ಹೊಳಪು ಮೇಲೆ ಬರುತ್ತದೆ. ಅದೇ ಹೋಳು ಮೊಣಕೈಗೆ, ಮಂಡಿಗೆ, ಕತ್ತಿನ ಹಿಂಬದಿಗೆ, ಕೊನೆಗೆ ಮುಖಕ್ಕೂ ಹೋದದ್ದು ಈ ಹೊಳಪನ್ನು ಕಂಡೇ ಇರಬೇಕೆಂದು ನನ್ನ ಗುಮಾನಿ. ಮೊಡವೆ, ಬಂಗು, ತಲೆಹೊಟ್ಟು, ತುಟಿಯ ಕಪ್ಪು, ಕಂಕುಳಿನ ಕಪ್ಪು, ಹೊಟ್ಟೆಯ ಬೊಜ್ಜು ಎಲ್ಲಕ್ಕೂ ನಿಂಬೆರಸ ಎಂದು ಹೇಳುವವರ ಮಾತಿನ ಅಡಿಯಲ್ಲಿ ಇರುವುದು ಒಂದೇ ನಂಬಿಕೆ: ಹುಳಿ ಕೊಳೆಯನ್ನು ತೆಗೆಯುತ್ತದೆ.

ತಂಬಿಗೆಯ ಮಟ್ಟಿಗೆ ಅದು ನಿಜ. ತಾಮ್ರದ ಮೇಲಿನ ಕಪ್ಪು ಗಾಳಿ, ತೇವ ತಾಗಿ ಹೊರಗಿನಿಂದ ಕೂತ ಪದರ. ಆಮ್ಲ ಬಿದ್ದರೆ ಕರಗಿ ಹೋಗುತ್ತದೆ. ಮೈಬಣ್ಣ ಹೊರಗಿನಿಂದ ಬಂದು ಕೂತದ್ದಲ್ಲ. ಮೇಲ್ಚರ್ಮದ ತಳದಲ್ಲಿರುವ ಮೆಲನೊಸೈಟ್ ಎಂಬ ಕೋಶಗಳು ಮೆಲನಿನ್ ತಯಾರಿಸಿ ಅಕ್ಕಪಕ್ಕದ ಕೋಶಗಳಿಗೆ ಹಂಚುತ್ತವೆ. ಬಿಸಿಲಿನ ನೇರಳಾತೀತ ಕಿರಣ ಒಳಗಿಳಿದು ಡಿಎನ್‌ಎ ಕೆಡಿಸದಂತೆ ತಡೆಯುವುದು ಆ ಮೆಲನಿನ್ನಿನ ಕೆಲಸ. ನಿಂಬೆಹೋಳು ಎಷ್ಟು ಉಜ್ಜಿದರೂ ಆ ತಯಾರಿಕೆ ನಿಲ್ಲುವುದಿಲ್ಲ. ಚರ್ಮವನ್ನು ಕೆರಳಿಸಿದರೆ ಹೆಚ್ಚಾಗುವುದೇ ಜಾಸ್ತಿ, ಅದರಲ್ಲೂ ನಮ್ಮಂಥ ಎಣ್ಣೆಗೆಂಪು, ಕಪ್ಪು ಮೈಬಣ್ಣದವರಲ್ಲಿ. ಮೊಡವೆ ಚಿವುಟಿದ ಜಾಗ, ಸುಟ್ಟ ಜಾಗ ನಮಗೆ ಕಪ್ಪಾಗಿ ಉಳಿಯುವುದು ಇದೇ ಕಾರಣಕ್ಕೆ. ಬಂಗಿಗೆಂದು ನಿಂಬೆ ಹಚ್ಚಿ ಉರಿಸಿಕೊಂಡವರ ಬಂಗು ಇನ್ನಷ್ಟು ಗಾಢವಾಗುವುದೂ ಹೀಗೆಯೇ.

ಆದರೂ ಹಚ್ಚಿದ ಮರುದಿನ ಮುಖ ಕೊಂಚ ನಯವಾಗಿ, ತಿಳಿಯಾಗಿ ಕಂಡದ್ದು ಸುಳ್ಳೇ ಎಂದು ಕೇಳಿದರೆ, ಸುಳ್ಳಲ್ಲ. ನಿಂಬೆರಸದಲ್ಲಿ ಶೇ. 5ರಿಂದ 6ರಷ್ಟು ಸಿಟ್ರಿಕ್ ಆಮ್ಲ ಇರುತ್ತದೆ. 1784ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಇದನ್ನು ನಿಂಬೆರಸದಿಂದಲೇ ಬೇರ್ಪಡಿಸಿದ. ಮೇಲ್ಪದರದ ಸತ್ತ ಕೋಶಗಳ ಬಂಧ ಸಡಿಲಿಸುವ ಗುಣ ಅದಕ್ಕಿದೆ, ಅಂಗಡಿಯ ಕ್ರೀಮುಗಳಲ್ಲೂ ಈ ಬಳಗದ ಆಮ್ಲಗಳನ್ನು ಹಾಕುತ್ತಾರೆ. ವ್ಯತ್ಯಾಸ ಇರುವುದು ಹದದಲ್ಲಿ. ಮನೆಬಳಕೆಯ ಕ್ರೀಮಿನ ಪಿಎಚ್ 3.5ಕ್ಕಿಂತ ಕೆಳಗಿರಬಾರದು ಎಂಬುದು ತಜ್ಞರು ಹಾಕಿಕೊಂಡ ಗೆರೆ. ನಿಂಬೆರಸದ್ದು 2ರಿಂದ 2.5. ಆರೋಗ್ಯವಂತ ಚರ್ಮದ್ದು 5ರ ಆಸುಪಾಸು. ಈ ಅಳತೆಯಲ್ಲಿ ಒಂದು ಅಂಕ ಇಳಿದರೆ ಆಮ್ಲತೆ ಹತ್ತುಪಟ್ಟು ಏರುತ್ತದೆ. ಅಂದರೆ ಚರ್ಮಕ್ಕೂ ನಿಂಬೆರಸಕ್ಕೂ ನಡುವಿನ ಅಂತರ ನೂರಾರು ಪಟ್ಟು. ಮುಖ ಚುರುಗುಟ್ಟುವುದು ಅದಕ್ಕೇ. ಅದನ್ನು 'ಉರಿದರೇನೇ ಕೆಲಸ ಮಾಡ್ತಿದೆ ಅಂತ ಅರ್ಥ' ಎಂದು ಸಮಾಧಾನ ಹೇಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನನ್ನ ಮಟ್ಟಿಗೆ ಈ ಪದ್ಧತಿಯ ಅತಿ ಅಪಾಯಕಾರಿ ಮಾತು ಇದೇ, ಏಕೆಂದರೆ ಮೈ ಕೊಡುವ ಎಚ್ಚರಿಕೆಯನ್ನೇ ಇದು ಗುಣದ ಲಕ್ಷಣವಾಗಿ ತಿರುಗಿಸಿಬಿಡುತ್ತದೆ.

ಉರಿಗಿಂತ ದೊಡ್ಡ ತೊಂದರೆ ಉರಿಯದೆಯೇ ಬರುತ್ತದೆ. ನಾವು ನಿಂಬೆ ಎನ್ನುವುದು, ವಿಜಯಪುರ ಜಿಲ್ಲೆಯ ಇಂಡಿ ಕಡೆ ಎಕರೆಗಟ್ಟಲೆ ಬೆಳೆದು ಲಿಂಬೆ ಎಂದು ಕರೆಯುವುದು, ತೆಳು ಸಿಪ್ಪೆಯ ಗುಂಡು ಕಾಗ್ಜಿ ಹಣ್ಣು. ಪಶ್ಚಿಮದವರ ಉದ್ದನೆಯ, ದಪ್ಪ ಸಿಪ್ಪೆಯ ಹಳದಿ ಲೆಮನ್ ಬೇರೆ ಜಾತಿ. ನಮ್ಮದು ಲೈಮ್ ಬಳಗದ್ದು. ಈ ಬಳಗದ ರಸದಲ್ಲಿ, ಅದಕ್ಕಿಂತ ಹೆಚ್ಚಾಗಿ ಸಿಪ್ಪೆಯ ಎಣ್ಣೆಯಲ್ಲಿ, ಸೊರಾಲೆನ್ ಜಾತಿಯ ವಸ್ತುಗಳಿವೆ. ಚರ್ಮದ ಮೇಲೆ ಅವು ಇದ್ದಾಗ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಕೋಶಗಳು ಸುಡುತ್ತವೆ. ಆ ಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ. ಒಂದೆರಡು ದಿನ ಕಳೆದು ಕೆಂಪು, ಕೆಲವರಿಗೆ ನೀರುಗುಳ್ಳೆ, ಆಮೇಲೆ ರಸ ಹರಿದ ದಾರಿಯಲ್ಲೇ ಗೆರೆ ಎಳೆದಂತೆ ಕಂದು ಕಲೆ. ಬಿಸಿಲಲ್ಲಿ ನಿಂತು ಬರಿಗೈಯಲ್ಲಿ ರಾಶಿ ನಿಂಬೆ ಹಿಂಡಿದವರ ಬೆರಳಿಗೂ ಇದು ಆಗುತ್ತದೆ. ನಡುವೆ ಒಂದೆರಡು ದಿನ ಕಳೆದುಹೋಗುವುದರಿಂದ ಯಾರೂ ನಿಂಬೆಯನ್ನು ಅನುಮಾನಿಸುವುದಿಲ್ಲ. ಸೆಖೆ, ಹೊಸ ಸೋಪು, ಯಾರದೋ ದೃಷ್ಟಿ, ಹೀಗೆ ಬೇರೆ ಯಾವುದಕ್ಕೋ ಹೊರಿಸಿ ಬಿಡುತ್ತಾರೆ.

ನಮ್ಮ ನಾಟಿವೈದ್ಯಕ್ಕೆ ಈ ಗುಣ ಹೊಸದೇನಲ್ಲ. ತೊನ್ನಿಗೆ ಬಾಕುಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ಚಿಕಿತ್ಸೆ ಆಯುರ್ವೇದದಲ್ಲಿದೆ. ಬಾಕುಚಿಯ ಸತ್ವವೂ ಸೊರಾಲೆನ್ನೇ. ಇಂದಿನ ಚರ್ಮವೈದ್ಯರು ಅದೇ ವಸ್ತುವನ್ನು ಅಳೆದು ಕೊಟ್ಟು, ಅಳೆದ ಕಿರಣ ಬಿಟ್ಟು ತೊನ್ನಿನ ಬಿಳಿ ಕಲೆಗೆ ಬಣ್ಣ ಬರಿಸಲು ನೋಡುತ್ತಾರೆ. ಬಿಳುಪಾದ ಚರ್ಮವನ್ನು ಕಪ್ಪಾಗಿಸಲು ಎರಡು ವೈದ್ಯ ಪದ್ಧತಿಗಳು ಬಳಸಿದ್ದನ್ನು, ಕಪ್ಪು ಚರ್ಮ ಬೆಳ್ಳಗಾಗಲೆಂದು ನಾವು ಮುಖಕ್ಕೆ ಬಳಿದುಕೊಳ್ಳುತ್ತಿದ್ದೇವೆ. ಅದೂ ರಸಕ್ಕಿಂತ ಸಿಪ್ಪೆಯನ್ನೇ ಒತ್ತಿ ಒತ್ತಿ ಉಜ್ಜಿ.

ಅಜ್ಜಿಯರ ಕಾಲದಿಂದ ಬಂದದ್ದಲ್ಲವೇ ಎಂದು ಕೇಳುವವರಿಗೆ ಉತ್ತರ ಕೊಡಬೇಕು. ಹಾಲಿನ ಕೆನೆ, ಕಡಲೆಹಿಟ್ಟು, ಚಿಟಿಕೆ ಅರಿಶಿನ, ಮೂರ್ನಾಲ್ಕು ಹನಿ ನಿಂಬೆ, ಆಮೇಲೆ ಸ್ನಾನ: ಎಣ್ಣೆನೀರಿನ ದಿನದ ಆ ಲೇಪದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಕೆನೆಯ ಜಿಡ್ಡು ಚರ್ಮವನ್ನು ಮೃದು ಮಾಡುತ್ತದೆ, ಕಡಲೆಹಿಟ್ಟು ಕೊಳೆ, ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಅಷ್ಟರಲ್ಲಿ ಬೆರೆತ ನಾಲ್ಕು ಹನಿ ನಿಂಬೆಗೆ ಕೆಡುಕು ಮಾಡುವ ಬಲವೂ ಇಲ್ಲ, ಒಳಿತು ಮಾಡುವ ಬಲವೂ ಇಲ್ಲ. ಕೀರ್ತಿ ಮಾತ್ರ ಅದಕ್ಕೇ ಹೋಗಿದೆ. ಈಗ ಮೊಬೈಲಿನಲ್ಲಿ ಓಡಾಡುವ ಮನೆಮದ್ದುಗಳಲ್ಲಿ ಕೆನೆ ಕಾಣೆಯಾಗಿದೆ, ಹಿಟ್ಟು ಕಾಣೆಯಾಗಿದೆ. ಇಡೀ ನಿಂಬೆಯ ರಸವನ್ನು ಹತ್ತಿಯಲ್ಲಿ ಅದ್ದಿ ರಾತ್ರಿಯಿಡೀ ಬಿಡಿ ಎನ್ನುತ್ತಾರೆ. ಇದಕ್ಕೆ ಅಜ್ಜಿಯ ಹೆಸರು ಹೇಳುವುದು ಅಜ್ಜಿಗೆ ಮಾಡುವ ಅನ್ಯಾಯ.

ಕೂದಲಿನ ಕತೆ ಇನ್ನೂ ಸ್ವಾರಸ್ಯದ್ದು. ತಲೆಗೆ ಸೋಪು ಹಾಕಿ ಬೋರಿನ ಗಡಸು ನೀರಲ್ಲಿ ತೊಳೆದರೆ, ನೀರಿನ ಕ್ಯಾಲ್ಸಿಯಂ ಸೋಪಿನ ಜತೆ ಸೇರಿ ಕರಗದ ಬಿಳಿ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಸೋಪಿನ ಕ್ಷಾರಕ್ಕೆ ಕೂದಲಿನ ಮೇಲ್ಪೊರೆ ಬೇರೆ ಒರಟಾಗಿ ಎದ್ದಿರುತ್ತದೆ. ಕೊನೆಯ ಚೊಂಬು ನೀರಿಗೆ ಅರ್ಧ ನಿಂಬೆ ಹಿಂಡಿದರೆ ಗಸಿ ಸಡಿಲವಾಗಿ ಕೂದಲು ನುಣುಪಾಗುವುದು ನಿಜ. ಸೋಪು ಹಾಕುತ್ತಿದ್ದ ಕಾಲಕ್ಕೆ ಅದು ಜಾಣ ಉಪಾಯವೇ. ಅದಕ್ಕೂ ಮುಂಚೆ ಸೀಗೆಪುಡಿ ಹಾಕುತ್ತಿದ್ದವರಿಗೆ ನಿಂಬೆ ಬೇಕಿರಲಿಲ್ಲ, ಸೀಗೆಯೇ ತುಸು ಹುಳಿ. ಇಂದಿನ ಶಾಂಪೂ ಗಡಸು ನೀರಲ್ಲಿ ಅಂಥ ಗಸಿ ಕಟ್ಟುವುದಿಲ್ಲ, ಅಷ್ಟು ಕ್ಷಾರವೂ ಅಲ್ಲ. ಕಾರಣ ಹೋಗಿದೆ, ರೂಢಿ ಉಳಿದಿದೆ. ಇನ್ನು ತಲೆಹೊಟ್ಟಿನ ಹಿಂದಿರುವುದು ತಲೆಯ ಜಿಡ್ಡು ತಿಂದು ಬದುಕುವ ಮಲಸೇಜಿಯ ಎಂಬ ಶಿಲೀಂಧ್ರ. ಕೆರೆದು ಕೆರೆದು ಹುಣ್ಣಾದ ನೆತ್ತಿಗೆ ನಿಂಬೆ ಸುರಿಯುವ ಬದಲು ಔಷಧಿ ಅಂಗಡಿಯ ಕೀಟೊಕೊನಝೋಲ್ ಶಾಂಪೂ ತರುವುದು ಲೇಸು.

ನಿಂಬೆಯಲ್ಲಿ ವಿಟಮಿನ್ ಸಿ ಇದೆ, ಸೀರಮ್ಮಿನಲ್ಲೂ ಅದೇ ಇರುವುದು ಎಂಬ ವಾದವನ್ನು ಲೆಕ್ಕವೇ ಮುಗಿಸುತ್ತದೆ. ಚರ್ಮಕ್ಕೆ ಹಚ್ಚುವ ಸೀರಮ್ಮಿನಲ್ಲಿ ಅದು ಶೇ. 10ರಿಂದ 20. ನಮ್ಮ ನಿಂಬೆರಸದಲ್ಲಿ 100 ಗ್ರಾಮಿಗೆ ಸುಮಾರು 30 ಮಿಲಿಗ್ರಾಂ, ಅಂದರೆ ಶೇ. 0.03.

ಬಾಯಿಯ ಮೂಲಕ ಒಳಹೋಗುವ ನಿಂಬೆಗೆ ಮಾತ್ರ ಗೌರವದ ಚರಿತ್ರೆಯಿದೆ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ಸಾಲ್ಸ್‌ಬರಿ ಹಡಗಿನಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ವಿಟಮಿನ್ ಸಿ ಕೊರತೆಯ ಸ್ಕರ್ವಿಯಿಂದ ಒಸಡು ಕೊಳೆತು ಮಲಗಿದ್ದ 12 ನಾವಿಕರನ್ನು ಇಬ್ಬಿಬ್ಬರ ಆರು ಗುಂಪು ಮಾಡಿದ. ಒಂದು ಗುಂಪಿಗೆ ವಿನೆಗರ್, ಇನ್ನೊಂದಕ್ಕೆ ನೀರು ಬೆರೆಸಿದ ಗಂಧಕಾಮ್ಲ, ಮತ್ತೊಂದಕ್ಕೆ ಸಮುದ್ರದ ನೀರು, ಹೀಗೆ. ದಿನಕ್ಕೆ ಎರಡು ಕಿತ್ತಳೆ, ಒಂದು ಲೆಮನ್ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಹುಳಿಯೇ ಮದ್ದಾಗಿದ್ದರೆ ವಿನೆಗರಿಗೂ ಗುಣವಾಗಬೇಕಿತ್ತು, ಆಗಲಿಲ್ಲ. ನೌಕಾಪಡೆ ಲೆಮನ್ ರಸವನ್ನು ಕಡ್ಡಾಯ ಮಾಡಿದ್ದು 1795ರಲ್ಲಿ. ಆಮೇಲೆ 1860ರ ದಶಕದಲ್ಲಿ, ಹುಳಿ ಹುಳಿಯೇ ತಾನೆ ಎಂದುಕೊಂಡು ವೆಸ್ಟ್ ಇಂಡೀಸಿನ ಲೈಮ್‌ಗೆ ಬದಲಾಯಿಸಿದರು. ಅದರಲ್ಲಿ ವಿಟಮಿನ್ ಕಮ್ಮಿ, ತಯಾರಿಸಿ ಕೂಡಿಡುವಾಗ ಇದ್ದದ್ದೂ ನಾಶ. 1875ರಲ್ಲಿ ಉತ್ತರ ಧ್ರುವದತ್ತ ಹೊರಟ ದಂಡಿನಲ್ಲಿ ಸ್ಕರ್ವಿ ಮತ್ತೆ ಕಾಣಿಸಿಕೊಂಡಿತು. ಆ ಲೈಮ್ ನಮ್ಮ ಕಾಗ್ಜಿಯ ನೆಂಟನೇ ಎಂಬುದನ್ನು 'ವಿಟಮಿನ್ ಸಿಯ ಗಣಿ' ಎಂದು ಹೊಗಳುವವರು ನೆನಪಿಡಬೇಕು. ಒಂದು ದೊಡ್ಡ ನಿಂಬೆಯಿಂದ 30 ಮಿಲಿ ರಸ ಬಂದರೂ ಸಿಗುವುದು 9 ಮಿಲಿಗ್ರಾಂ ವಿಟಮಿನ್. ವಯಸ್ಕ ಹೆಂಗಸಿಗೆ ದಿನಕ್ಕೆ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು 65. ಅರ್ಧ ಸೀಬೆಹಣ್ಣು ತಿಂದರೆ ಮುಗಿಯುವ ಕೆಲಸ ಅದು.

ಆದರೂ ಊಟದಲ್ಲಿ ನಿಂಬೆಯನ್ನು ಬಿಡಬೇಡಿ ಎಂದೇ ಹೇಳುತ್ತೇನೆ. ಸೊಪ್ಪು, ಕಾಳು, ರಾಗಿಯ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಅದೇ ತುತ್ತಿನ ಜತೆ ಕೊಂಚ ವಿಟಮಿನ್ ಸಿ ಇದ್ದರೆ ಹೆಚ್ಚು ಹತ್ತುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆ. ಕಾಳಿನ ಉಸಲಿಗೆ, ಸೊಪ್ಪಿನ ಪಲ್ಯಕ್ಕೆ ಹಿಂಡುವ ನಿಂಬೆ ಮುಖಕ್ಕೆ ಹಚ್ಚುವ ನಿಂಬೆಗಿಂತ ಎಷ್ಟೋ ದೊಡ್ಡ ಕೆಲಸ ಮಾಡುತ್ತದೆ. ಚಿತ್ರಾನ್ನಕ್ಕೆ ಒಲೆಯಿಂದ ಇಳಿಸಿದ ಮೇಲೆ ರಸ ಹಿಂಡುವ ರೂಢಿ ಕಹಿಯಾಗದಿರಲೆಂದು ಬಂದದ್ದಿರಬಹುದು, ವಿಟಮಿನ್ನಿಗೂ ಅದು ಒಳ್ಳೆಯದು. ಊಟ ಮುಗಿಸಿದ ಕೂಡಲೆ ಕಾಫಿ ಲೋಟ ಹಿಡಿದರೆ ಗಳಿಸಿದ್ದರಲ್ಲಿ ಒಂದಷ್ಟು ಹೋಯಿತೆಂದೇ ಲೆಕ್ಕ.

ಬೆಳಿಗ್ಗೆ ಬರಿಹೊಟ್ಟೆಗೆ ಬಿಸಿನೀರು, ಜೇನು, ನಿಂಬೆ ಕುಡಿದು ತೂಕ ಇಳಿಸುವವರಿಗೆ ಹೇಳುವುದು ಹೆಚ್ಚೇನಿಲ್ಲ. ಕೊಬ್ಬನ್ನು ಕರಗಿಸುವ ವಸ್ತು ನಿಂಬೆಯಲ್ಲಿಲ್ಲ. ಎರಡು ಚಮಚ ಸಕ್ಕರೆಯ ಕಾಫಿ ಬಿಟ್ಟು ಅದನ್ನು ಹಿಡಿದರೆ ಬಿಟ್ಟ ಸಕ್ಕರೆಯಷ್ಟೇ ಲಾಭ. ರಕ್ತ 'ಆಲ್ಕಲೈನ್' ಆಗುತ್ತದೆ ಎಂಬುದು ಬೊಗಳೆ. ಅದರ ಪಿಎಚ್ಚನ್ನು ಶ್ವಾಸಕೋಶ, ಮೂತ್ರಪಿಂಡಗಳು 7.35–7.45ರ ನಡುವೆ ಬಿಗಿಯಾಗಿ ಕಾಯುತ್ತವೆ. ಪಿಎಚ್ 5.5ರ ಕೆಳಗೆ ಹಲ್ಲಿನ ಎನಾಮಲ್ ಕರಗತೊಡಗುತ್ತದೆ, ಹಾಗಾಗಿ ದಿನಾ ಹೀರುತ್ತ ಕೂತು ತಕ್ಷಣ ಬ್ರಷ್ ಮಾಡುವವರು ಹಲ್ಲನ್ನೇ ಸವೆಸಿಕೊಳ್ಳುತ್ತಾರೆ. ಕಿಡ್ನಿ ಕಲ್ಲಿನವರಿಗೆ ಮಾತ್ರ ಇದರಲ್ಲಿ ನಿಜವಾದ ಸಾರವಿದೆ: ಮೂತ್ರದಲ್ಲಿ ಸಿಟ್ರೇಟ್ ಹೆಚ್ಚಿದರೆ ಕ್ಯಾಲ್ಸಿಯಂ ಕಲ್ಲು ಕಟ್ಟುವುದು ಕಡಿಮೆ. ಇರುವ ಕಲ್ಲನ್ನು ಅದು ಪುಡಿ ಮಾಡುವುದಿಲ್ಲ, ವೈದ್ಯರು ಬರೆಯುವ ಪೊಟ್ಯಾಸಿಯಂ ಸಿಟ್ರೇಟಿಗೆ ಸಮವೂ ಅಲ್ಲ.

2021ರ ಕೋವಿಡ್ ಎರಡನೇ ಅಲೆಯಲ್ಲಿ ಆಮ್ಲಜನಕದ ಹಾಸಿಗೆಗೆ ಜನ ಅಲೆಯುತ್ತಿದ್ದಾಗ, ಮೂಗಿಗೆ ಎರಡು ಹನಿ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕದ ಮಟ್ಟ ಏರುತ್ತದೆ ಎಂಬ ಸಲಹೆ ನಮ್ಮ ರಾಜ್ಯದ್ದೇ ಗಣ್ಯರೊಬ್ಬರ ಬಾಯಿಂದ ಬಂತು. ಕೇಂದ್ರದ ವಾರ್ತಾ ವಿಭಾಗ ಅದು ಸುಳ್ಳೆಂದು ಸಾರಬೇಕಾಯಿತು. ಅಡುಗೆಮನೆಯ ವಸ್ತು, ಹಾನಿ ಏನಾದೀತು ಎಂಬ ಧೈರ್ಯ ಮುಖದಿಂದ ಮೂಗಿಗೆ ಹೋಗಲು ಹೆಚ್ಚು ದೂರವಿರಲಿಲ್ಲ.

ಮುಖಕ್ಕೆ ಹಚ್ಚುವ ಧೈರ್ಯದ ಬೇರು ಮಾತ್ರ ಬಣ್ಣದ ಆಸೆಯಲ್ಲಿದೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ಹೆಸರಿನಿಂದ 'ಫೇರ್' ಕಳಚಿಕೊಂಡಿತು. ವಧು ಬೇಕಾಗಿದ್ದಾರೆ ಜಾಹೀರಾತುಗಳಲ್ಲಿ ಬೆಳ್ಳಗಿನ ಹುಡುಗಿ ಇನ್ನೂ ಬೇಕಾಗಿದ್ದಾಳೆ. ಮದುವೆ ಗೊತ್ತಾದ ಹುಡುಗಿಯ ಕತ್ತಿಗೆ ನಿಂಬೆಹೋಳು ಉಜ್ಜುವ ಚಿಕ್ಕಮ್ಮನ ಪ್ರೀತಿಯ ಬಗ್ಗೆ ಸಂದೇಹವಿಲ್ಲ. ಆ ಹುಡುಗಿ ಆಮೇಲೆ ಸ್ಕೂಟರ್ ಹತ್ತಿ ಮಧ್ಯಾಹ್ನದ ಬಿಸಿಲಲ್ಲಿ ಬ್ಲೌಸು ಹೊಲಿಯಲು ಕೊಟ್ಟು ಬರುತ್ತಾಳೆ.

ಹಾಗೆ ಹೋಗಿ ಬಂದವರು ಸೋಪು ನೀರಲ್ಲಿ ಚೆನ್ನಾಗಿ ತೊಳೆದು, ಎರಡು ಮೂರು ದಿನ ಆ ಜಾಗ ಬಿಸಿಲಿಗೆ ಬೀಳದಂತೆ ಮುಚ್ಚಿಕೊಳ್ಳಬೇಕು. ಗುಳ್ಳೆ ಎದ್ದರೆ ಒಡೆಯದೆ ಚರ್ಮವೈದ್ಯರಿಗೆ ತೋರಿಸಬೇಕು. ಉಳಿಯುವ ಕಂದು ಕಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇದ್ದು ನಿಧಾನಕ್ಕೆ ಮಾಸುತ್ತದೆ. ಅದನ್ನು ತೆಗೆಯಲೆಂದು ಮತ್ತೆ ನಿಂಬೆ ಹಚ್ಚಬೇಡಿ.