ಬೀಭತ್ಸವೂ ಪ್ರೇಕ್ಷಕನ ಕರುಣೆಯೂ

ಕ್ರೌರ್ಯದ ಚಿತ್ರಪಟವನ್ನು ಕಂಡು ಪ್ರೇಕ್ಷಕನು ಅತ್ತನೇ, ಮುಖ ತಿರುಗಿಸಿದನೇ ಎಂಬುದರಿಂದ ಅದರ ಯೋಗ್ಯತೆ ಗೊತ್ತಾಗದು. ಬೀಭತ್ಸವು ಅವನಲ್ಲಿ ರೌದ್ರಕ್ಕೆ ತಿರುಗಿತೇ, ಕರುಣವಾಗಿ ಮಾಗಿತೇ ಎಂಬುದೇ ನಿಜವಾದ ಪರೀಕ್ಷೆ.

2024ರ ಮಾರ್ಚಿನಲ್ಲಿ ತೆರೆಕಂಡ ‘ರಜಾಕಾರ್’ ಎಂಬ ತೆಲುಗು ಚಿತ್ರ ನಮ್ಮ ಸೀಮೆಯ ಕಥೆಯೇ. ದಾಮರಗಿದ್ದವೂ ಅಂದು ನಿಜಾಮರ ರಾಜ್ಯಕ್ಕೆ ಸೇರಿತ್ತು. ಅದರ ಮುನ್ನೋಟವನ್ನು ಕಂಡೇ ಕೆಲವರು ಸತ್ಯವೆಂದು ಕೊಂಡಾಡಿದರು, ಕೆಲವರು ದ್ವೇಷವೆಂದು ಹಳಿದರು. ರಜಾಕಾರರ ಹಿಂಸೆ ಕಟ್ಟುಕಥೆಯಲ್ಲ. ಆದರೆ ಭಾರತದೊಡನೆ ವಿಲೀನವಾಗಬೇಕೆಂದು ಬರೆದುದಕ್ಕೆ 1948ರ ಆಗಸ್ಟಿನಲ್ಲಿ ಕೊಲೆಯಾದ ಪತ್ರಕರ್ತ ಶೋಯೆಬುಲ್ಲಾ ಖಾನರು ಮುಸಲ್ಮಾನರೇ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಕಾಲದಲ್ಲಿ ಮತ್ತು ಅನಂತರ 27,000ದಿಂದ 40,000 ಜನ ಸತ್ತರೆಂದು ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಮುಸಲ್ಮಾನರು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ನೆರೆಯ ಗುಲ್ಬರ್ಗವೂ ಒಂದು. ಒಂದೇ ಗಾಯವನ್ನು ಕಂಡ ಕಣ್ಣು ರೌದ್ರದಲ್ಲಿಯೇ ನಿಂತುಬಿಡುತ್ತದೆ.

ಸೋವಿಯತ್ ನಿರ್ದೇಶಕ ಎಲೆಮ್ ಕ್ಲಿಮೊವರ ‘ಬಾ, ನೋಡು’ (1985) ಎಂಬ ಚಿತ್ರವನ್ನು ಇದರೊಡನೆ ಹೋಲಿಸಬಹುದು. ನಾಜಿಗಳು ಬೆಲಾರೂಸಿನಲ್ಲಿ ಜನಸಹಿತ ಸುಟ್ಟ 628 ಹಳ್ಳಿಗಳ ನೆನಪು ಅದು. ಕೊನೆಯವರೆಗೆ ಕುಳಿತು ನೋಡುವುದೇ ಕಷ್ಟ. ಕಡೆಯಲ್ಲಿ ಹಳ್ಳಿಯ ಹುಡುಗನು ಹಿಟ್ಲರನ ಪಟಕ್ಕೆ ಮೇಲಿಂದ ಮೇಲೆ ಗುಂಡು ಹೊಡೆಯುತ್ತಾನೆ. ಒಂದೊಂದು ಗುಂಡಿಗೂ ಕಾಲ ಹಿಂದೆ ಸರಿಯುತ್ತದೆ. ಆ ಹಿಟ್ಲರನೇ ತಾಯಿಯ ಮಡಿಲ ಕೂಸಾಗಿ ಕಂಡಾಗ ಹುಡುಗನ ಕೈ ನಿಲ್ಲುತ್ತದೆ. ಹಗೆಯನ್ನು ಮರೆಸದೆ, ಹಗೆತನವನ್ನು ಮೀರಿಸುವ ಕಲೆ ಇದು.

ಇಂಥ ಚಿತ್ರವನ್ನು ನೋಡಿಬಂದ ವಿದ್ಯಾರ್ಥಿಯನ್ನು ಉಪಾಧ್ಯಾಯರು “ಯಾರಿಗಾಗಿ ಅತ್ತೆ?” ಎಂದು ಕೇಳಲಿ, “ಯಾರಿಗಾಗಿ ಅಳಲಿಲ್ಲ?” ಎಂದೂ ಕೇಳಲಿ. ವಿಮರ್ಶೆ ಆರಂಭವಾಗುವುದು ಎರಡನೆಯ ಪ್ರಶ್ನೆಯಿಂದ.