ಎರಡು ದೀಪಗಳ ಕಥೆ: ಒಂದು ವಿಮರ್ಶೆ

ಸೆಪ್ಟೆಂಬರ್ 15 ಬಂತೆಂದರೆ ಹೊರನಾಡ ಕನ್ನಡ ಸಂಘಗಳ ವೇದಿಕೆಯ ಮೇಲೆ ಒಂದು ಕಥೆ ತಪ್ಪದೆ ಹಾಜರಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ಪ್ರವಾಸದಲ್ಲಿದ್ದಾಗ ಸರ್ಕಾರಿ ಕಾಗದಪತ್ರಗಳನ್ನು ಸರ್ಕಾರದ ಮೇಣದಬತ್ತಿಯಲ್ಲಿ ನೋಡಿ ಮುಗಿಸಿ, ಸ್ವಂತ ಪತ್ರ ಬರೆಯುವ ಹೊತ್ತಿಗೆ ಅದನ್ನಾರಿಸಿ ತಮ್ಮ ಕಾಸಿನ ಬತ್ತಿ ಹಚ್ಚಿಕೊಂಡರಂತೆ. ಮಕ್ಕಳು ಹೇಳುತ್ತಾರೆ, ತಾಯಂದಿರು ಚಪ್ಪಾಳೆ ತಟ್ಟುತ್ತಾರೆ. ಕಥೆ ಸೊಗಸಾಗಿದೆ. ಆದರೂ ಅದನ್ನು ಕಥೆಯೆಂದೇ ಎದುರಿಗಿಟ್ಟುಕೊಂಡು ಸ್ವಲ್ಪ ಪರೀಕ್ಷಿಸಬೇಕೆಂದು ವಾಚಕರಲ್ಲಿ ನನ್ನ ಬಿನ್ನಹ.

ನಮ್ಮ ಮೆಹದಿಪಟ್ಟಣದಲ್ಲಿ ನೆರೆಯ ಮುಸಲ್ಮಾನ ಹಿರಿಯರನ್ನು ಕೇಳಿ. ಇದೇ ಕಥೆಯನ್ನು ಅವರು ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜರ ಮೇಲೆ ಹೇಳುತ್ತಾರೆ. ಇನ್ನು ಕೆಲವರು ಚಾಣಕ್ಯನ ಮೇಲೆ ಹೇಳುತ್ತಾರೆ. ದೀಪ ಒಂದೇ, ಮನೆ ಬೇರೆ ಬೇರೆ! ಆದ್ದರಿಂದ ಇದು ಚರಿತ್ರೆಗಿಂತ ಹೆಚ್ಚಾಗಿ ಜನರ ಹಂಬಲ. ಹಂಬಲಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಕಥೆಯ ಕಟ್ಟಡದ ಬಗ್ಗೆ. ರಾತ್ರಿ, ಕೋಣೆ, ಒಬ್ಬನೇ ಅಧಿಕಾರಿ. ಲೆಕ್ಕ ಇಡುವವನೂ ಅವನೇ, ತನಿಖೆ ಮಾಡುವವನೂ ಅವನೇ, ತೀರ್ಪು ಕೊಡುವವನೂ ಅವನೇ. ಬತ್ತಿಗೆ ದುಡ್ಡು ತೆತ್ತ ರೈತ ಈ ಕಥೆಯೊಳಗೆ ಎಲ್ಲಿಯೂ ಇಲ್ಲ. ಅತಿಥಿಯೊಬ್ಬ ಬಂದರೂ ಅವನು ಬೆರಗಾಗುವುದಕ್ಕೆ ಬರುತ್ತಾನೆಯೇ ಹೊರತು ಪ್ರಶ್ನೆ ಕೇಳುವುದಕ್ಕಲ್ಲ.

ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯ ‘ಮೈಸೂರಿನ ದಿವಾನರು’ ಸಂಪುಟ ಇಂಥ ಕಥೆಗಳಿಗಿಂತ ಎಷ್ಟೋ ಪ್ರೌಢವಾದದ್ದು. ಆದರೆ ನಾವು ಅದನ್ನು ಓದುವ ರೀತಿಯಲ್ಲಿ ದೋಷವಿದೆ. ದಿವಾನರ ಶೀಲವನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಬಿಡುತ್ತೇವೆ. 1906ರಿಂದ 1909ರವರೆಗೆ ದಿವಾನರಾಗಿದ್ದ ವಿ.ಪಿ. ಮಾಧವರಾಯರು ಸಮರ್ಥರು. ಅವರ ಕಾಲದಲ್ಲೇ 1908ರ ವೃತ್ತಪತ್ರಿಕಾ ಕಾನೂನು ಬಂತು; ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಸಮರ್ಥ ಅಧಿಕಾರಿಗೂ ತನ್ನನ್ನು ಕೇಳುವವರು ಇರಬಾರದೆಂಬ ಆಸೆ ಇರಬಹುದು. ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ವಿಶ್ವೇಶ್ವರಯ್ಯನವರ ಬಗ್ಗೆ ಹೇಳಲೇಬೇಕಾದದ್ದು ಬೇರೆಯೇ ಇದೆ. 1908ರ ಮೂಸಿ ಪ್ರವಾಹದ ಮರುವರ್ಷ ಇದೇ ಹೈದರಾಬಾದಿಗೆ ಬಂದು ಅವರು ಕೊಟ್ಟ ಯೋಜನೆಯಿಂದಲೇ ಗಂಡಿಪೇಟೆಯ ಉಸ್ಮಾನ್ ಸಾಗರವಾಯಿತು. ಮುಂದೆ 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಮೈಸೂರಿನ ನ್ಯಾಯವಿಧಾಯಕ ಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ, ಆಯವ್ಯಯ ಚರ್ಚಿಸುವ ಅವಕಾಶ ದೊರೆಯಿತು. ತನ್ನ ಸರ್ಕಾರದ ಲೆಕ್ಕವನ್ನು ಇನ್ನೊಬ್ಬರ ಬಾಯಿಗೆ ಕೊಡುವುದು ಮೇಣದಬತ್ತಿ ಬದಲಾಯಿಸುವುದಕ್ಕಿಂತ ಕಷ್ಟದ ಕೆಲಸ. ಇದರ ಮೇಲೆ ಒಂದು ಏಕಾಂಕ ನಾಟಕವನ್ನಾದರೂ ನಾನು ಕಂಡಿಲ್ಲ.

ಶೀಲವಂತರನ್ನು ಕಾದು ಕೂತರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದ ಲೋಕಾಯುಕ್ತದ ಚರಿತ್ರೆಯೇ ಸಾಕು. 1984ರ ಕಾನೂನು, ನ್ಯಾಯಮೂರ್ತಿ ಎನ್. ವೆಂಕಟಾಚಲ, ಸಂತೋಷ್ ಹೆಗ್ಡೆಯವರಂಥವರು ಕೂತಾಗ ಅದರ ಹೆಸರಿಗೇ ಅಧಿಕಾರಿಗಳು ನಡುಗಿದರು. 2011ರ ಗಣಿ ವರದಿಯಿಂದ ಮುಖ್ಯಮಂತ್ರಿಯೇ ಕುರ್ಚಿ ಬಿಡಬೇಕಾಯಿತು. ನಾಲ್ಕೇ ವರ್ಷ, 2015ರಲ್ಲಿ ಆ ಕಚೇರಿಯೊಳಗಿಂದಲೇ ಸುಲಿಗೆಯ ಆರೋಪ ಎದ್ದು ಅಂದಿನ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವೆಂಬ ಬೇರೆ ಸಂಸ್ಥೆ ಕಟ್ಟಿ ಲೋಕಾಯುಕ್ತದ ಹಲ್ಲು ಕಿತ್ತಿತು. ಹೈಕೋರ್ಟು ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಹಿಂತಿರುಗಿಸುವ ಹೊತ್ತಿಗೆ 2022ರ ಆಗಸ್ಟ್ ಬಂದಿತ್ತು.

ಪರಸ್ಥಳದಲ್ಲಿರುವ ನಮಗೆ ಇದರಲ್ಲೊಂದು ವಿಶೇಷ ತೊಡಕಿದೆ. ‘ನಮ್ಮೂರಲ್ಲದ ಊರು, ಯಾಕೆ ಬೇಕು ಜಗಳ’ ಎಂದು ಕಚೇರಿಯ ಹೊರಗಿನ ದಲ್ಲಾಳಿಗೆ ನೋಟು ಕೊಟ್ಟು ಮನೆಗೆ ಬರುತ್ತೇವೆ. ಸಂಜೆ ಸಂಘದಲ್ಲಿ ಎರಡು ದೀಪಗಳಿಗೆ ಚಪ್ಪಾಳೆ ತಟ್ಟುತ್ತೇವೆ. ನಮ್ಮಲ್ಲಿ ಅನೇಕರು ಸ್ವತಃ ಸರ್ಕಾರಿ ಮೇಜಿನ ಹಿಂದೆ ಕೂತವರೂ ಹೌದು. 2005ರ ಮಾಹಿತಿ ಹಕ್ಕು ಕಾನೂನಿನಲ್ಲಿ ಉತ್ತರಕ್ಕೆ 30 ದಿನಗಳ ಗಡುವು; ಕೇಂದ್ರ ಸರ್ಕಾರದ ಕಚೇರಿಗಾದರೆ ಹತ್ತು ರೂಪಾಯಿ ಶುಲ್ಕ. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ, ಅದೂ ಅವನ ಸ್ವಂತ ಕಿಸೆಯಿಂದ. ಬರುವ ಸೆಪ್ಟೆಂಬರಿನ ಭಾಷಣ ಸ್ಪರ್ಧೆಯ ಜೊತೆಗೆ, ಮಕ್ಕಳಿಂದ ಇಂಥದೊಂದು ಅರ್ಜಿ ಬರೆಸುವ ಸ್ಪರ್ಧೆಯನ್ನೂ ಕಾರ್ಯಕಾರಿ ಸಮಿತಿ ಇಟ್ಟರೆ, ತೀರ್ಪುಗಾರನಾಗಿ ಬರಲು ನಾನು ಸಿದ್ಧ.